ನಿಂತ ಎಂಜಿನ್‌ಗೆ ಅವಸರ ಬೇಡ

ಮದ್ರಾಸಿನ ಸ್ಟ್ಯಾಂಡರ್ಡ್ ಕಾರ್ಖಾನೆ 1961ರಿಂದ ತಯಾರಿಸಿದ ಹೆರಾಲ್ಡ್ ಕಾರಿನ 948 ಸಿಸಿ ಎಂಜಿನ್, ಬ್ರಿಟನ್ನಿನ ಟ್ರಯಂಫ್ ಸ್ಪಿಟ್‌ಫೈರ್ ಸ್ಪೋರ್ಟ್ಸ್ ಕಾರಿನ ಎಂಜಿನ್‌ನ ವಂಶದ್ದೇ. ಅಂಥದೊಂದು ಕಾರು ನಿಮ್ಮ ಶೆಡ್ಡಿನಲ್ಲಿ ವರ್ಷಗಟ್ಟಲೆ ನಿಂತಿದೆಯೇ? ಬ್ಯಾಟರಿ ಹಾಕಿ ಕೂಡಲೇ ಕೀಲಿ ತಿರುಗಿಸಬೇಡಿ. ಚೆನ್ನೈನ ಉಪ್ಪುಗಾಳಿಗೆ ಸಿಲಿಂಡರ್ ತುಕ್ಕು ಹಿಡಿದಿದ್ದರೆ ಪಿಸ್ಟನ್ ರಿಂಗ್ ಮುರಿದೀತು. ಸ್ಪಾರ್ಕ್ ಪ್ಲಗ್ ಬಿಚ್ಚಿ, ಸ್ವಲ್ಪ ಎಂಜಿನ್ ಆಯಿಲ್ ಸುರಿದು, ಎರಡು ದಿನ ಕಾದು, ಕೈಯಿಂದಲೇ ತಿರುಗಿಸಿ ನೋಡಿ.

ಎಂಜಿನ್ ಬಿಚ್ಚಿದ ಮೇಲೆ ಮೊದಲು ಸವೆತದ ಅಳತೆ, ಆಮೇಲೆ ಪುದುಪೇಟೆಯಲ್ಲಿ ಬಿಡಿಭಾಗಗಳ ಹುಡುಕಾಟ. ಕ್ರ್ಯಾಂಕ್‌ಶಾಫ್ಟ್ ಹಿಂದೆಮುಂದೆ ಸರಿಯದಂತೆ ತಡೆಯುವ ಥ್ರಸ್ಟ್ ವಾಷರ್ ಮರೆಯದೆ ಬದಲಿಸಿ. ಅದು ಸವೆದು ಕಳಚಿಬಿದ್ದರೆ ಬ್ಲಾಕೇ ಹಾಳು. ಕಾರ್ಖಾನೆ ಮುಚ್ಚಿ ದಶಕಗಳಾದವು. ವಾಷರ್ ಅಗ್ಗ, ಹೊಸ ಬ್ಲಾಕ್ ಮಾತ್ರ ಸಿಗದು.