ನೆರೆ ಇಳಿದ ಮೇಲಿನ ಗೆರೆ



2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ ಬಂದದ್ದನ್ನು ಗದಗ ಜಿಲ್ಲೆಯವರು ಮರೆತಿಲ್ಲ. ಹೊಳೆದಂಡೆಯ ಊರುಗಳಲ್ಲಿ ನೀರು ಇಳಿದ ಮೇಲೆ ಮನೆಗೋಡೆಗಳ ಮೇಲೆ ಕೆಸರಿನ ಗೆರೆ ಉಳಿಯಿತು. ನೀರು ಎಷ್ಟೆತ್ತರ ಬಂದಿತ್ತೆಂದು ಯಾರನ್ನೂ ಕೇಳಬೇಕಿರಲಿಲ್ಲ, ಗೋಡೆಯೇ ಹೇಳುತ್ತಿತ್ತು. ವೈರಸ್ ಮೈಯೊಳಗೆ ಬಂದು ಹೋದ ಮೇಲೂ ರಕ್ತದಲ್ಲಿ ಇಂಥದೊಂದು ಗುರುತು ಉಳಿಯುತ್ತದೆ. ಅದಕ್ಕೆ ಪ್ರತಿಕಾಯ ಎನ್ನುತ್ತಾರೆ. ಹೊಕ್ಕ ವೈರಸ್ಸನ್ನು ಹಿಡಿದು ಕಟ್ಟಿಹಾಕಲು ನಮ್ಮ ದೇಹವೇ ತಯಾರಿಸುವ ಪ್ರೋಟೀನು ಅದು. ಸೋಂಕು ತಗುಲಿದ ಒಂದೆರಡು ವಾರಗಳಲ್ಲಿ ಕಾಣಿಸಿಕೊಂಡು ತಿಂಗಳುಗಟ್ಟಲೆ ಇರುತ್ತದೆ.

ಕೊರೊನಾ ಕಾಲದಲ್ಲಿ ಮೂಗು, ಗಂಟಲಿನ ದ್ರವ ತೆಗೆದು ಮಾಡುತ್ತಿದ್ದ ಪರೀಕ್ಷೆ ವೈರಸ್ ಈಗ ಇದೆಯೇ ಎಂದು ನೋಡುತ್ತಿತ್ತು. ಪ್ರತಿಕಾಯ ಪರೀಕ್ಷೆ ನೋಡುವುದು, ಅದು ಹಿಂದೆ ಬಂದು ಹೋಗಿದೆಯೇ ಎಂದು. ಜ್ವರ, ಕೆಮ್ಮು ಏನೂ ಇಲ್ಲದೆ ಸೋಂಕು ದಾಟಿದವರು ಬಹಳ ಮಂದಿ. ಅವರು ಆಸ್ಪತ್ರೆಗೆ ಹೋಗಲಿಲ್ಲ, ಸರ್ಕಾರದ ಲೆಕ್ಕಕ್ಕೂ ಸಿಗಲಿಲ್ಲ. ಅವರನ್ನೂ ಎಣಿಕೆಗೆ ತರುವುದು, ಜನರ ರಕ್ತದಲ್ಲಿ ಪ್ರತಿಕಾಯ ಹುಡುಕುವ ಸಮೀಕ್ಷೆಯ ಕೆಲಸ. ಅದಕ್ಕೆ ಸೆರೋ ಸಮೀಕ್ಷೆ ಎಂಬ ಹೆಸರು.

2020ರ ಸೆಪ್ಟೆಂಬರ್ ಮೊದಲೆರಡು ವಾರಗಳಲ್ಲಿ ಕರ್ನಾಟಕ ಸರ್ಕಾರ ಅಂದಿನ 30 ಜಿಲ್ಲೆಗಳಲ್ಲೂ ಇಂಥ ಸಮೀಕ್ಷೆ ನಡೆಸಿತು. ಗರ್ಭಿಣಿಯರು, ರೋಗಿಗಳ ಜೊತೆ ಬಂದವರು, ಬಸ್ ಕಂಡಕ್ಟರುಗಳು, ಸಂತೆಯ ವ್ಯಾಪಾರಿಗಳು, ಪೌರಕಾರ್ಮಿಕರು, ವಯಸ್ಸಾದವರು ಹೀಗೆ ಬೇರೆ ಬೇರೆ ಗುಂಪಿನವರನ್ನು ಪರೀಕ್ಷಿಸಿದರು. ಆಗಲೇ ಸೋಂಕಿದ್ದವರನ್ನೂ, ಸೋಂಕು ಬಂದು ಹೋದವರನ್ನೂ ಕೂಡಿಸಿದಾಗ ನೂರಕ್ಕೆ ಸುಮಾರು 27 ಮಂದಿ ಎಂದಾಯಿತು. ಇಡೀ ರಾಜ್ಯಕ್ಕೆ ಲೆಕ್ಕ ಹಾಕಿದರೆ ಸುಮಾರು 1.93 ಕೋಟಿ ಜನ. ಅಂದರೆ, ಪತ್ತೆಯಾದ ಒಬ್ಬೊಬ್ಬರಿಗೆ ಸುಮಾರು 40 ಮಂದಿಗೆ ಸೋಂಕು ತಗುಲಿತ್ತು.

ಕೆಲವೇ ಸಾವಿರ ಜನರ ರಕ್ತ ನೋಡಿ ಕೋಟಿ ಜನರ ಮಾತು ಹೇಳಬಹುದೇ? ಅನ್ನ ಬೆಂದಿತೇ ಎಂದು ನೋಡಲು ಒಂದು ಅಗುಳು ಸಾಕು, ನಿಜ. ಆದರೆ ಅದು ಒಂದೇ ಪಾತ್ರೆಯಲ್ಲಿ, ಒಂದೇ ಉರಿಯಲ್ಲಿ ಬೆಂದ ಅನ್ನ. ಊರು ಹಾಗಲ್ಲ. ಊರು ಮಾರುಕಟ್ಟೆಗೆ ಬಂದ ಶೇಂಗಾ ಚೀಲವಿದ್ದಂತೆ. ತಿಳಿದ ವ್ಯಾಪಾರಿ ಮೇಲಿನ ಕಾಯಿಗಳನ್ನಷ್ಟೇ ನೋಡಿ ದರ ಹೇಳುವುದಿಲ್ಲ. ನಡುವಿನಿಂದ, ತಳದಿಂದಲೂ ಒಂದೊಂದು ಹಿಡಿ ತೆಗೆದು ನೋಡುತ್ತಾನೆ.

ಗದಗ ಜಿಲ್ಲೆಯ ನಮ್ಮ ಶಿಗ್ಲಿಯನ್ನೇ ತೆಗೆದುಕೊಳ್ಳಿ. ದಿನವಿಡೀ ಮಗ್ಗದ ಮುಂದೆ ಕೂರುವ ನೇಕಾರರಿದ್ದಾರೆ. ಹೊಲದಲ್ಲಿ ದುಡಿಯುವವರಿದ್ದಾರೆ. ಲಕ್ಷ್ಮೇಶ್ವರಕ್ಕೆ ಬಸ್ಸಿನಲ್ಲಿ ಹೋಗಿಬರುವವರು, ದುಡಿಯಲು ದೂರದೂರಿಗೆ ಹೋಗಿ ಮರಳಿದವರು, ಮನೆಯಿಂದ ಹೊರಬೀಳದ ಮುದುಕರು ಎಲ್ಲರೂ ಇದ್ದಾರೆ. ದವಾಖಾನೆಗೆ ಬಂದವರ ರಕ್ತವನ್ನಷ್ಟೇ ತೆಗೆದರೆ ಅದು ದವಾಖಾನೆಯ ಲೆಕ್ಕವಾಗುತ್ತದೆ, ಶಿಗ್ಲಿಯ ಲೆಕ್ಕ ಆಗುವುದಿಲ್ಲ. ಓಣಿ ಓಣಿಗೂ ಹೋಗಿ, ಚೀಟಿ ಎತ್ತಿದಂತೆ ಮನೆಗಳನ್ನು ಆರಿಸಬೇಕು.

ಇನ್ನೊಂದು ತೊಡಕು ಪರೀಕ್ಷೆಯದೇ. ಯಾವ ಪರೀಕ್ಷೆಯೂ ಪೂರ್ತಿ ಸರಿಯಲ್ಲ. ಒಂದು ಊರಲ್ಲಿ 1,000 ಜನರನ್ನು ಪರೀಕ್ಷಿಸಿದೆವು, ನಿಜವಾಗಿ ಸೋಂಕು ದಾಟಿದವರು 10 ಮಂದಿ ಎಂದಿಟ್ಟುಕೊಳ್ಳಿ. ಆ ಪರೀಕ್ಷೆ ಸೋಂಕು ತಗುಲದ ನೂರರಲ್ಲಿ ಇಬ್ಬರಿಗೆ ‘ಇದೆ’ ಎಂದು ತಪ್ಪು ಹೇಳುತ್ತದೆ ಎನ್ನೋಣ. ಆಗ ಉಳಿದ 990 ಮಂದಿಯಲ್ಲಿ ಸುಮಾರು 20 ಮಂದಿಗೆ ಸುಳ್ಳು ಉತ್ತರ ಬರುತ್ತದೆ. ನಿಜಕ್ಕಿಂತ ಸುಳ್ಳೇ ಎರಡು ಪಟ್ಟು! ಅದೇ ಊರಲ್ಲಿ 400 ಮಂದಿಗೆ ಸೋಂಕು ಬಂದುಹೋಗಿದ್ದರೆ, ಸುಳ್ಳು ಉತ್ತರಗಳು ಹನ್ನೆರಡು ಮಾತ್ರ. ಆದ್ದರಿಂದ ಸೋಂಕು ಕಡಿಮೆಯಿದ್ದಾಗಲೇ ಅಂಕಿಗಳನ್ನು ಹೆಚ್ಚು ಎಚ್ಚರದಿಂದ ತಿದ್ದಿ ಓದಬೇಕು.

2020ರ ಜೂನ್ ನಡುವಿನಿಂದ ಆಗಸ್ಟ್ ಕೊನೆಯವರೆಗೆ ಸಂಶೋಧಕರ ತಂಡವೊಂದು ರಾಜ್ಯದ 20 ಜಿಲ್ಲೆಗಳಲ್ಲಿ ಮನೆಗಳನ್ನು ಆರಿಸಿ ಬೇರೊಂದು ಸಮೀಕ್ಷೆ ನಡೆಸಿತ್ತು. ಅದರ ಅಂದಾಜಿನಂತೆ ಪ್ರತಿಕಾಯವಿದ್ದವರು ನೂರಕ್ಕೆ 46.7. ಹಳ್ಳಿಗಳಲ್ಲಿ 44.1, ಪಟ್ಟಣಗಳಲ್ಲಿ 53.8. ಸರ್ಕಾರದ ಸಮೀಕ್ಷೆಗಿಂತ ಮೊದಲೇ ನಡೆದದ್ದು, ಆದರೂ ಅಂಕಿ ಅದಕ್ಕಿಂತ ಬಹಳ ದೊಡ್ಡದು. ಹಾಗೆಂದು ಒಂದು ಸರಿ, ಇನ್ನೊಂದು ಸುಳ್ಳು ಎನ್ನಬೇಕಿಲ್ಲ. ಜನರನ್ನು ಆರಿಸಿದ ಬಗೆ ಬೇರೆ, ಬಳಸಿದ ಪರೀಕ್ಷೆ ಬೇರೆ, ಏನನ್ನು ಎಣಿಸಿದರೆಂಬುದೂ ಬೇರೆ. ಆದರೆ ಎರಡೂ ಒಂದು ಮಾತನ್ನು ಒಪ್ಪುತ್ತವೆ: ಆಗಸ್ಟ್ ಕೊನೆಗೆ ರಾಜ್ಯದಲ್ಲಿ ಪತ್ತೆಯಾಗಿದ್ದ ಮೂರು ಲಕ್ಷಕ್ಕೂ ಹೆಚ್ಚು ಪ್ರಕರಣಗಳು ನಿಜವಾದ ಸೋಂಕಿನ ಒಂದು ಚೂರು ಮಾತ್ರ.

ಗೋಡೆಯ ಗೆರೆಯೂ ಸುಣ್ಣ ಬಳಿದರೆ ಮಾಸುತ್ತದೆ. ಪ್ರತಿಕಾಯಗಳೂ ಕಾಲ ಕಳೆದಂತೆ ಇಳಿಯುತ್ತವೆ. ಲಸಿಕೆ ಬಂದ ಮೇಲೆ ಲೆಕ್ಕ ಇನ್ನೂ ಜಟಿಲವಾಯಿತು, ಏಕೆಂದರೆ ಲಸಿಕೆಯಿಂದಲೂ ಪ್ರತಿಕಾಯ ಹುಟ್ಟುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ದೇಶವ್ಯಾಪಿ ಸಮೀಕ್ಷೆಯಲ್ಲಿ 2020ರ ಮೇ–ಜೂನ್‌ನಲ್ಲಿ ವಯಸ್ಕರ ಪೈಕಿ ಪ್ರತಿಕಾಯವಿದ್ದವರು ನೂರಕ್ಕೆ 0.73 ಇದ್ದದ್ದು, 2021ರ ಜೂನ್–ಜುಲೈ ಹೊತ್ತಿಗೆ 6 ವರ್ಷ ಮೇಲ್ಪಟ್ಟವರಲ್ಲಿ 67.6 ಆಗಿತ್ತು. ಅದರಲ್ಲಿ ಎರಡನೇ ಅಲೆಯ ಪಾಲೂ ಇದೆ, ಲಸಿಕೆಯ ಪಾಲೂ ಇದೆ.

ಆ ಎರಡನೇ ಅಲೆ ನಮಗೆ ಕಟುವಾದ ಪಾಠ ಕಲಿಸಿತು. ಇಷ್ಟು ಜನರಿಗೆ ಬಂದು ಹೋಗಿದೆ, ಇನ್ನೇನೂ ಆಗದು ಎಂದು ನಾವು ನಂಬಿದ್ದೆವು. ಆದರೆ 2021ರ ಮೇ 5ರಂದು ಕರ್ನಾಟಕದಲ್ಲಿ ಒಂದೇ ದಿನ 50,112 ಪ್ರಕರಣ ದಾಖಲಾದವು. ಸಮೀಕ್ಷೆ ಹೇಳುವುದು ಊರಿನ ಮಾತು. ಅದನ್ನು ಒಬ್ಬೊಬ್ಬರ ಅಭಯಪತ್ರ ಎಂದು ತಿಳಿಯಬಾರದು. ಹಾಗಾಗಿ ಇಂಥ ಅಂಕಿ ಕಿವಿಗೆ ಬಿದ್ದಾಗ ಮೂರು ಪ್ರಶ್ನೆ ಕೇಳಿ. ಯಾರ ರಕ್ತ? ಯಾವಾಗ ತೆಗೆದದ್ದು? ಯಾವ ಪರೀಕ್ಷೆ?

ಕೊನೆಗೊಂದು ವಿನಂತಿ. ನಾಳೆ ಇನ್ನಾವುದೋ ರೋಗದ ಸಮೀಕ್ಷೆಗೆಂದು ಆರೋಗ್ಯ ಸಿಬ್ಬಂದಿ ನಿಮ್ಮ ಬಾಗಿಲಿಗೆ ಬಂದಾರು. ‘ನನಗೇನೂ ಆಗಿಲ್ಲ, ನನ್ನ ರಕ್ತ ಯಾಕೆ ಬೇಕ್ರಿ?’ ಎಂದು ಕಳಿಸಿಬಿಡಬೇಡಿ. ಜ್ವರ ಬಂದವರನ್ನು ಆಸ್ಪತ್ರೆ ಎಣಿಸುತ್ತದೆ. ಏನೂ ಆಗದವರನ್ನು ಎಣಿಸಲು ಇರುವುದು ಇದೊಂದೇ ದಾರಿ. ನೀವು ಕೊಡುವ ನಾಲ್ಕು ಹನಿ ರಕ್ತ, ಚೀಲದ ತಳದಿಂದ ತೆಗೆದ ಹಿಡಿ ಕಾಳು. ಅದಿಲ್ಲದೆ ಊರಿನ ಲೆಕ್ಕ ಕೂಡುವುದಿಲ್ಲ.