ಐಸಿಸಿಯು ಮತ್ತು ಸಿಸ್ಟರುಗಳ ಲೆಕ್ಕ



2025ರ ಮೇ, ಜೂನ್ ತಿಂಗಳುಗಳಲ್ಲಿ ನಮ್ಮ ಹಾಸನ ಜಿಲ್ಲೆಯ ಹೆಸರು ಎಲ್ಲರ ಬಾಯಲ್ಲೂ ಇತ್ತು. ಹೃದಯಾಘಾತದ ಸಾವಿನ ಸುದ್ದಿ ಒಂದರ ಹಿಂದೊಂದು ಬಂತು. ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಬೆಳಗಾಗುವ ಮೊದಲೇ ಜನ ತಪಾಸಣೆಗೆ ಸಾಲುಗಟ್ಟಿದರು. ಡಾ. ಕೆ.ಎಸ್. ರವೀಂದ್ರನಾಥ್ ನೇತೃತ್ವದ ಸಮಿತಿ ಸುದ್ದಿಯಾದ ಸಾವುಗಳನ್ನು ಪರಿಶೀಲಿಸಿ, ಜಿಲ್ಲೆಯಲ್ಲಿ ಹೃದ್ರೋಗ ಅಸಹಜವಾಗಿ ಏರಿದ್ದಕ್ಕೆ ಆಧಾರವಿಲ್ಲ ಎಂದಿತು. ಭಯ ಇಳಿಯಿತು. ಆ ಚರ್ಚೆಯಲ್ಲಿ ಕ್ಯಾಥ್ ಲ್ಯಾಬ್ ಬಂತು, ಇಸಿಜಿ ಯಂತ್ರ ಬಂತು, ಕೋವಿಡ್ ಲಸಿಕೆಯೂ ಬಂತು. ಹೃದ್ರೋಗಿಗಳ ತೀವ್ರ ನಿಗಾ ಘಟಕವಾದ ಐಸಿಸಿಯುನಲ್ಲಿ ರಾತ್ರಿ ಎಷ್ಟು ಮಂದಿ ಸಿಸ್ಟರುಗಳು ಇರುತ್ತಾರೆ ಎಂದು ಯಾರೂ ಕೇಳಿದ್ದು ನನ್ನ ಕಿವಿಗೆ ಬೀಳಲಿಲ್ಲ. ಇವತ್ತು ಜಿಲ್ಲೆಯ ಆಸ್ಪತ್ರೆಗಳ ನಾವೆಲ್ಲ ಸೇರಿರುವುದು ಅದನ್ನು ಕೇಳುವುದಕ್ಕೆ.

ಐಸಿಸಿಯು ಹುಟ್ಟಿದ್ದೇ ರೋಗಿಯನ್ನು ಯಾರು ಕಾಯಬೇಕು ಎಂಬ ಪ್ರಶ್ನೆಯಿಂದ. ಹೃದಯಾಘಾತವಾದವರನ್ನೆಲ್ಲ ಒಂದೇ ಕಡೆ ಮಲಗಿಸಿ ಸದಾ ಕಾಯಬೇಕು ಎಂದು ವೈದ್ಯ ಡೆಸ್ಮಂಡ್ ಜೂಲಿಯನ್ 1961ರಲ್ಲಿ ಬರೆದರು. ಮುಂದಿನ ವರ್ಷ ಅಮೆರಿಕದ ಕಾನ್ಸಾಸ್ ಸಿಟಿಯಲ್ಲಿ ಹ್ಯೂಸ್ ಡೇ ಅಂಥ ಘಟಕ ತೆರೆದರು. ಫಿಲಡೆಲ್ಫಿಯಾದಲ್ಲಿ ಇಂಥದೇ ಘಟಕ ಕಟ್ಟಿದ ವೈದ್ಯ ಲಾರೆನ್ಸ್ ಮೆಲ್ಟ್ಜರ್ ಜೊತೆ ನಿಂತವರು ನರ್ಸ್ ರೋಸ್ ಪಿನಿಯೊ. ಮಾನಿಟರ್ ನೋಡಿ ಡಾಕ್ಟರಿಗೆ ಫೋನ್ ಮಾಡುವುದಷ್ಟೇ ನರ್ಸಿನ ಕೆಲಸವಾದರೆ, ಡಾಕ್ಟರ್ ಬರುವಷ್ಟರಲ್ಲಿ ರೋಗಿ ಹೋಗಿರುತ್ತಾನೆ. ಶಾಕ್ ಕೊಡುವ ಅಧಿಕಾರ ನರ್ಸಿನ ಕೈಗೆ ಬಂದ ಮೇಲೆಯೇ, ಶೇ. 30ರ ಆಸುಪಾಸಿನಲ್ಲಿದ್ದ ಆಸ್ಪತ್ರೆಯೊಳಗಿನ ಸಾವು ಹೆಚ್ಚುಕಡಿಮೆ ಅರ್ಧಕ್ಕಿಳಿಯಿತು.

ಈಗ ನಮ್ಮ ಊರಿಗೆ ಬರೋಣ. ಮೊಸಳೆ ಗ್ರಾಮದಲ್ಲಿ ಎದೆನೋವು ಬಂದವರು ಬೇಗ ಹಾಸನ ಮುಟ್ಟಬಹುದು. ಕೊಣನೂರು ಕಡೆಯವರು ಮೊದಲು ಅರಕಲಗೂಡಿಗೇ ಬರಬೇಕು. ಇಂಥವರಿಗಾಗಿಯೇ ಸರ್ಕಾರ 2023ರಲ್ಲಿ ಪುನೀತ್ ರಾಜ್‌ಕುಮಾರ್ ಹೆಸರಿನಲ್ಲಿ ಹೃದಯ ಜ್ಯೋತಿ ಯೋಜನೆ ತಂದಿತು. ತಾಲ್ಲೂಕು ಆಸ್ಪತ್ರೆಯಲ್ಲಿ ಇಸಿಜಿ, ದೂರದ ತಜ್ಞರ ಸಲಹೆ, ಹೆಪ್ಪುಗಟ್ಟಿದ ರಕ್ತ ಕರಗಿಸುವ ಟೆನೆಕ್ಟಿಪ್ಲೇಸ್ ಇಂಜೆಕ್ಷನ್ ಉಚಿತವಾಗಿ. ರೋಗಿಯ ತೂಕ ನೋಡಿ ಡೋಸ್ ಎಳೆಯುವುದು, ಆಮೇಲೆ ಬಿಪಿ ನೋಡುತ್ತಾ ಎಲ್ಲಾದರೂ ರಕ್ತ ಒಸರುತ್ತಿದೆಯೇ, ಮಾತು ತೊದಲುತ್ತಿದೆಯೇ ಎಂದು ಕಾಯುವುದು ಸಿಸ್ಟರ್. ಯೋಜನೆಯ ಕೊನೆಯ ಕೊಂಡಿ ಆಕೆಯೇ.

ಇನ್ನು ಐಸಿಸಿಯುನ ಒಂದು ರಾತ್ರಿ ನೋಡಿ. ಎರಡೂವರೆಗೆ ಮೂರನೇ ಬೆಡ್ಡಿನ ಅಲಾರಂ ಹೊಡೆಯುತ್ತದೆ. ಪರದೆಯ ಮೇಲೆ ಗೆರೆ ಅಡ್ಡಾದಿಡ್ಡಿ. ಅನುಭವಿ ಸಿಸ್ಟರ್ ಮೊದಲು ನೋಡುವುದು ರೋಗಿಯ ಮುಖ. ಆತ ಕಣ್ಣು ಬಿಟ್ಟು ಎದೆ ಕೆರೆದುಕೊಳ್ಳುತ್ತಿದ್ದರೆ ಲೀಡ್ ಸಡಿಲವಾಗಿದೆ. ಕರೆದರೆ ಓಗೊಡದಿದ್ದರೆ, ನಾಡಿ ಸಿಗದಿದ್ದರೆ, ಒಬ್ಬರು ಎದೆ ಒತ್ತಲು, ಇನ್ನೊಬ್ಬರು ಡಿಫಿಬ್ರಿಲೇಟರ್‌ಗೆ. ಸಿಪಿಆರ್ ಇಲ್ಲದೆ ಕಳೆಯುವ ಒಂದೊಂದು ನಿಮಿಷಕ್ಕೂ ಬದುಕುವ ಸಾಧ್ಯತೆ ಶೇ. 7ರಿಂದ 10ರಷ್ಟು ಕುಸಿಯುತ್ತದೆ. ಅದೇ ಹೊತ್ತಿಗೆ ಐದನೇ ಬೆಡ್ಡಿನ ನಾರ್‌ಅಡ್ರಿನಲಿನ್ ಸಿರಿಂಜ್ ಮುಗಿಯುತ್ತಾ ಬಂದಿರುತ್ತದೆ. ಪಕ್ಕದ ಪಂಪಿನಲ್ಲಿ ಎರಡನೆಯದು ಓಡಲು ಸಿದ್ಧವಿಲ್ಲದಿದ್ದರೆ ಆ ರೋಗಿಯ ಬಿಪಿ ನೋಡನೋಡುತ್ತಲೇ ಪಾತಾಳಕ್ಕಿಳಿಯುತ್ತದೆ. ಒಬ್ಬರೇ ಇದ್ದರೆ ಯಾವ ಬೆಡ್ಡಿಗೆ ಓಡಬೇಕು?

ಎಂಟು ಬೆಡ್ಡಿನ ಘಟಕ ಎನ್ನಿ. ಇಬ್ಬರು ರೋಗಿಗಳಿಗೆ ಒಬ್ಬರಂತೆ ಪಾಳಿಗೆ ನಾಲ್ವರು, ಮೂರು ಪಾಳಿಗೆ 12. ರಜೆ, ವಾರದ ಬಿಡುವಿಗೆ ಭಾರತೀಯ ಶುಶ್ರೂಷಾ ಪರಿಷತ್ತು ಹೇಳುವ ಶೇ. 30 ಸೇರಿಸಿದರೆ 16. ವೆಂಟಿಲೇಟರ್ ಮೇಲಿರುವ ಪ್ರತಿ ರೋಗಿಗೂ ಪ್ರತ್ಯೇಕವಾಗಿ ಒಬ್ಬ ಸಿಸ್ಟರ್ ಬೇಕು, ಅಲ್ಲಿಗೆ ಇನ್ನೂ ಹೆಚ್ಚು. ಬೆಡ್ ಹಂಚಿಕೊಳ್ಳದೆ ಇಡೀ ಘಟಕ ನೋಡುವ ಇನ್‌ಚಾರ್ಜ್ ಸಿಸ್ಟರ್ ಬೇರೆ. ಹಾಸಿಗೆ ಮಂಜೂರಾದ ದಿನವೇ ಈ ಹುದ್ದೆಗಳೂ ಮಂಜೂರಾಗದಿದ್ದರೆ ಅದನ್ನು ಐಸಿಸಿಯು ಎಂದು ಕರೆಯುವುದು ತಪ್ಪು ಎಂದೇ ನನ್ನ ಖಚಿತ ಅಭಿಪ್ರಾಯ.

ತಲೆ ಎಣಿಸಿದರೂ ಮುಗಿಯಲಿಲ್ಲ. ಇಸಿಜಿ ಓದಲು, ಪಂಪ್ ನಡೆಸಲು ವರ್ಷಗಟ್ಟಲೆ ಕಲಿತವರನ್ನು ವರ್ಗಾವಣೆಯಲ್ಲಿ ಓಪಿಡಿಗೆ ಕಳಿಸಿ, ನಿನ್ನೆ ಸೇರಿದ ಹುಡುಗಿಯನ್ನು ನೈಟ್ ಡ್ಯೂಟಿಗೆ ಒಂಟಿಯಾಗಿ ನಿಲ್ಲಿಸಬಾರದು. ಪ್ರತಿ ಪಾಳಿಯಲ್ಲೂ ಒಬ್ಬ ಹಿರಿಯರು ಇರಲೇಬೇಕು. ಹ್ಯಾಂಡೋವರ್ ಬೆಡ್ಡಿನ ಪಕ್ಕದಲ್ಲಿ ನಿಂತೇ ಆಗಲಿ. ಆ ಹೊತ್ತಿನಲ್ಲಿ ಫೋನ್, ರೌಂಡ್ಸ್, ಇಂಡೆಂಟ್ ಯಾವುದೂ ಬೇಡ. ಗುತ್ತಿಗೆಯವರಿಗೂ ಕಾಯಂ ಸಿಬ್ಬಂದಿಗೂ ತರಬೇತಿ ಒಂದೇ ಇರಲಿ.

ಇನ್ನೊಂದು ಮಾತು ಹೇಳಲೇಬೇಕು. ಮುಕ್ಕಾಲು ಗಂಟೆ ಎದೆ ಒತ್ತಿದರೂ ಉಳಿಯದ ರೋಗಿಯ ಮನೆಯವರು ಬಾಗಿಲಲ್ಲಿ ಮೊದಲು ಕಾಣುವುದು ಸಿಸ್ಟರನ್ನು. ಅಳು, ಸಿಟ್ಟು, ಬೈಗುಳ ಎಲ್ಲವೂ ಅವಳ ಮೇಲೆ. ದೇಹಕ್ಕೆ ಬಟ್ಟೆ ಸುತ್ತಿ, ಕೈ ತೊಳೆದು, ಅವಳು ಮುಂದಿನ ಬೆಡ್ಡಿಗೆ ಹೋಗುತ್ತಾಳೆ. ಆ ಪಾಳಿ ಮುಗಿಯುವ ಮೊದಲು ಹತ್ತು ನಿಮಿಷ ಡಾಕ್ಟರೂ ಸಿಸ್ಟರುಗಳೂ ಒಟ್ಟಿಗೆ ಕೂತು ಏನಾಯಿತೆಂದು ಮಾತಾಡಿಕೊಳ್ಳಲಿ. ಸಾವಿನ ಸುದ್ದಿಯನ್ನು ಮನೆಯವರಿಗೆ ಡಾಕ್ಟರೇ ಹೇಳಲಿ. ಇದಕ್ಕೆ ಯಾವ ಅನುದಾನವೂ ಬೇಡ.

ಮೊದಲ ಗೋಷ್ಠಿಯಲ್ಲಿ ಪ್ರತಿ ಆಸ್ಪತ್ರೆಯವರೂ ಕಳೆದ ತಿಂಗಳ ನೈಟ್ ಡ್ಯೂಟಿ ರೋಸ್ಟರ್ ತೆರೆದಿಡಿ. ಆಡಳಿತಾಧಿಕಾರಿಗಳಲ್ಲಿ ನನ್ನ ವಿನಂತಿ: ಉದ್ಘಾಟನೆ ಮುಗಿಯಿತೆಂದು ಹೊರಡಬೇಡಿ. ಆ ರೋಸ್ಟರುಗಳ ಮೇಲಿನ ಚರ್ಚೆ ಮುಗಿಯುವ ತನಕ ನಮ್ಮ ಜೊತೆ ಕೂತಿರಿ.