ಪ್ರಕೃತಿನಾಶವೂ ಒಂದು ಅಪರಾಧ



1991ರ ಆರಂಭದಲ್ಲಿ ಕುವೈತಿನಿಂದ ಹಿಂದೆಗೆಯುತ್ತಿದ್ದ ಇರಾಕಿ ಸೇನೆಯು ಅಲ್ಲಿನ ಆರುನೂರಕ್ಕೂ ಹೆಚ್ಚು ತೈಲಬಾವಿಗಳಿಗೆ ಬೆಂಕಿಯಿಟ್ಟಿತು. ಹೊಗೆ ಕವಿದು ಹಗಲೇ ಇರುಳಾಯಿತು. ಮರಳಿನ ಮೇಲೆ ಎಣ್ಣೆಯ ಕೆರೆಗಳು ನಿಂತವು. ಕೊನೆಯ ಬಾವಿಯ ಬೆಂಕಿ ಆರಿದ್ದು ನವೆಂಬರಿನಲ್ಲಿ. ಅದೇ ವರ್ಷದ ಏಪ್ರಿಲ್ ತಿಂಗಳಲ್ಲಿ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯು ತನ್ನ 687ನೆಯ ನಿರ್ಣಯದಲ್ಲಿ, ಪರಿಸರಕ್ಕಾದ ಹಾನಿಗೂ ಇರಾಕೇ ಹೊಣೆಯೆಂದು ಸಾರಿತು. ಯುದ್ಧಪರಿಹಾರದ ಕಂತುಗಳು ತೀರಿದ್ದು 2022ರಲ್ಲಿ. ಆದರೆ ಬೆಂಕಿಯಿಡಲು ಆಜ್ಞೆಯಿತ್ತವರಲ್ಲಿ ಒಬ್ಬರೂ ಆ ಕೃತ್ಯಕ್ಕಾಗಿ ಅಂತರರಾಷ್ಟ್ರೀಯ ನ್ಯಾಯಾಲಯದ ಕಟಕಟೆಯನ್ನು ಏರಲಿಲ್ಲ. ತೆತ್ತದ್ದು ದೇಶದ ಬೊಕ್ಕಸ, ಅರ್ಥಾತ್ ಅಲ್ಲಿನ ಜನಸಾಮಾನ್ಯರು.

ಈ ಕೊರತೆ ಹೊಸದೇನಲ್ಲ. ವಿಯೆಟ್ನಾಂ ಯುದ್ಧದಲ್ಲಿ 1962ರಿಂದ 1971ರವರೆಗೆ ಅಮೆರಿಕದ ವಿಮಾನಗಳು ಕಾಡುಗಳ ಮೇಲೆ ಎಲೆಯುದುರಿಸುವ ವಿಷವನ್ನು ಸುರಿದವು. 1972ರ ಸ್ಟಾಕ್‌ಹೋಮ್ ಸಮ್ಮೇಳನದಲ್ಲಿ ಸ್ವೀಡನ್ನಿನ ಪ್ರಧಾನಿ ಓಲೋಫ್ ಪಾಮೆ ಇಂತಹ ವಿನಾಶವನ್ನು ಖಂಡಿಸಿದರು. ಪರಿಸರವನ್ನೇ ಆಯುಧವಾಗಿಸುವುದನ್ನು ನಿಷೇಧಿಸುವ ಒಪ್ಪಂದವನ್ನು ವಿಶ್ವಸಂಸ್ಥೆಯು 1976ರಲ್ಲಿ ಅಂಗೀಕರಿಸಿತು. ಭಾರತವೂ ಅದರಲ್ಲಿ ಸಹಭಾಗಿ. ಆದರೆ ಒಪ್ಪಂದವು ರಾಷ್ಟ್ರಗಳನ್ನು ಬಂಧಿಸುತ್ತದೆಯೇ ಹೊರತು ವ್ಯಕ್ತಿಯನ್ನು ಶಿಕ್ಷಿಸುವುದಿಲ್ಲ.

ವ್ಯಕ್ತಿಯನ್ನು ಶಿಕ್ಷಿಸುವ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯವು 1998ರ ರೋಮ್ ಶಾಸನದಿಂದ ಹುಟ್ಟಿತು. ಭಾರತವು ಆ ಶಾಸನಕ್ಕೆ ಸೇರಿಲ್ಲ. ಹಾನಿಯು ವ್ಯಾಪಕವೂ ದೀರ್ಘಕಾಲಿಕವೂ ತೀವ್ರವೂ ಆಗಿರಬೇಕು, ನಿರೀಕ್ಷಿತ ಸೈನಿಕ ಪ್ರಯೋಜನಕ್ಕಿಂತ ಸ್ಪಷ್ಟವಾಗಿ ಮಿತಿಮೀರಿರಬೇಕು. ಆಗ ಮಾತ್ರ ಅದು ಯುದ್ಧಾಪರಾಧ. ಶಾಂತಿಕಾಲದಲ್ಲಿ ನದಿಯನ್ನೇ ವಿಷವಾಗಿಸಿದರೂ ಈ ನಿಯಮ ಅನ್ವಯಿಸದು.

ಈ ತೆರಪನ್ನು ತುಂಬಲೆಂದು 2021ರಲ್ಲಿ ಸ್ವತಂತ್ರ ನ್ಯಾಯತಜ್ಞರ ಮಂಡಳಿಯೊಂದು ಹೊಸ ವ್ಯಾಖ್ಯೆಯನ್ನು ರಚಿಸಿತು. ತೀವ್ರವಾದ, ಜೊತೆಗೆ ವ್ಯಾಪಕ ಅಥವಾ ದೀರ್ಘಕಾಲಿಕವಾದ ಹಾನಿಯಾಗುವ ಸಂಭವ ಬಲವಾಗಿದೆಯೆಂದು ಅರಿತೂ ಎಸಗುವ ಕಾನೂನುಬಾಹಿರ ಅಥವಾ ವಿವೇಚನಾಹೀನ ಕೃತ್ಯವೇ ಪ್ರಕೃತಿಹತ್ಯೆ ಎಂಬುದು ಅದರ ಸಾರ. 2024ರಲ್ಲಿ ವನುವಾಟು, ಫಿಜಿ ಮತ್ತು ಸಮೋವಾ ದ್ವೀಪರಾಷ್ಟ್ರಗಳು, ನರಮೇಧವೇ ಮೊದಲಾದ ನಾಲ್ಕು ಅಪರಾಧಗಳ ಸಾಲಿಗೆ ಇದನ್ನು ಐದನೆಯದಾಗಿ ಸೇರಿಸಬೇಕೆಂದು ವಿಧ್ಯುಕ್ತವಾಗಿ ಸೂಚಿಸಿದವು.

ಅಣೆಕಟ್ಟು, ಗಣಿ, ಕಾರ್ಖಾನೆಗಳೆಲ್ಲ ಅಪರಾಧವಾಗುವವೇ ಎಂದು ಕೇಳುವವರುಂಟು. ಆ ಆತಂಕ ಅಕಾರಣವಲ್ಲ. ಆದುದರಿಂದಲೇ ವ್ಯಾಖ್ಯೆಯಲ್ಲಿ ‘ಅರಿತೂ’ ಎಂಬ ಮಾತಿಗೆ ಅಷ್ಟು ತೂಕ. ಅಭಿವೃದ್ಧಿಗೂ ಅಜಾಗರೂಕತೆಗೂ ನಡುವಣ ಗೆರೆಯನ್ನು ಕಾನೂನು ಸ್ಪಷ್ಟವಾಗಿ ಎಳೆಯಬೇಕು.

1984ರ ಭೋಪಾಲ್ ದುರಂತದ ಬಳಿಕ ನಮ್ಮಲ್ಲಿ 1986ರ ಪರಿಸರ ಸಂರಕ್ಷಣಾ ಕಾಯಿದೆ ಬಂದಿತು. ಅನಾಹುತದ ಬೆನ್ನಿಗೆ ಕಾನೂನು ಬರುವುದು ಲೋಕದ ರೂಢಿ. ಅದು ಮುಂದಾಗಿ ಬರುವಂತೆ ಮಾಡುವುದು ಎಚ್ಚೆತ್ತ ಜನಾಭಿಪ್ರಾಯ. ಅರಣ್ಯ, ಕೆರೆ, ನದಿ, ವನ್ಯಜೀವಿಗಳನ್ನು ಕಾಪಾಡುವುದು ನಮ್ಮ ಸಂವಿಧಾನದ 51ಎ ಅನುಚ್ಛೇದವು ಪ್ರತಿ ಪ್ರಜೆಗೂ ವಿಧಿಸಿರುವ ಕರ್ತವ್ಯ. ಆ ಕರ್ತವ್ಯವನ್ನು ಮನೆಯಂಗಳದಿಂದಲೇ ಆರಂಭಿಸೋಣ.